ಹದಿನೇಳನೆಯ ಮೈಕು

ಜನವರಿ 9

ಏಳು ಪಾಯಿಂಟ್ ಎರಡು. ಕಚೇರಿಯ ವರದಿಯಲ್ಲಿ ಈ ಅಂಕಿ ಬರೆದಾಗಿದೆ, ಆದರೆ ಅಲ್ಲಿ ಅದು ಕಚೇರಿಯದು. ನನ್ನದಾಗಿ ಒಂದು ಕಡೆ ಇರಲಿ ಅನ್ನಿಸಿತು. ಅದಕ್ಕೇ ಈ ಪುಸ್ತಕ.

ರಾಕೆಟ್ ನೆಲ ಬಿಡುವಾಗ ಏಳುವ ಗರ್ಜನೆ ಅದರ ಮೂತಿಯ ಕವಚದೊಳಗೆ ಕೂತ ಉಪಗ್ರಹವನ್ನು ಅಲುಗಾಡಿಸಿ ಮುರಿಯಬಲ್ಲದು. ಕೀರಲು ಸದ್ದನ್ನು ದಪ್ಪ ಹೊದಿಕೆ ತಡೆಯುತ್ತದೆ. ಗುಡುಗಿನಂಥ ತಗ್ಗಿನ ಸದ್ದಿಗೆ ಹೊದಿಕೆ ಲೆಕ್ಕಕ್ಕೇ ಇಲ್ಲ. ಅದರ ಒಂದೊಂದು ಅಲೆ ಎಂಟು ಮೀಟರ್ ಉದ್ದ. ಅದನ್ನು ಇನ್ನೊಂದು ಅಲೆಯಿಂದಲೇ ಅಡಗಿಸಬೇಕು. ಅದು ಏರುವ ಹೊತ್ತಿಗೆ ಸರಿಯಾಗಿ ನಮ್ಮದು ಇಳಿಯಬೇಕು. ಕವಚದ ಒಳಗೋಡೆಗೆ ಹದಿನಾರು ಸ್ಪೀಕರ್, ಇಪ್ಪತ್ತನಾಲ್ಕು ಮೈಕು, ನಡುವೆ ಲೆಕ್ಕ ಹಾಕುವ ಒಂದು ಪೆಟ್ಟಿಗೆ. ಎದುರು ಮಾತಾಡಿದರೆ ಗದ್ದಲ ಹೆಚ್ಚುತ್ತದೆ ಎಂಬುದು ಎಲ್ಲರ ಮನೆಯ ಅನುಭವ. ಇಲ್ಲಿ ಮಾತ್ರ ಎದುರು ಮಾತಿನಿಂದ ಗದ್ದಲ ಇಳಿಯುತ್ತದೆ.

ಒಂಬತ್ತು ವರ್ಷದ ಕೆಲಸ. ಇವತ್ತು ಮೊಳ ದಪ್ಪದ ಗೋಡೆಯ ಪರೀಕ್ಷಾ ಕೋಣೆಯಲ್ಲಿ ನಿಜವಾದ ಕವಚ ನಿಲ್ಲಿಸಿ, ಒಳಗೆ ಉಪಗ್ರಹದ ಅಳತೆಯದೇ ಒಂದು ಬೊಂಬೆಯಿಟ್ಟು ಗರ್ಜನೆ ಬಿಟ್ಟೆವು. ಐದು ಡೆಸಿಬಲ್ ಇಳಿದರೆ ಸಾಕು ಅಂದಿದ್ದರು. ಸರಾಸರಿ ಏಳು ಪಾಯಿಂಟ್ ಎರಡು ಇಳಿಯಿತು. ಹದಿನೇಳನೆಯ ಮೈಕು ಮಾತ್ರ ಏನೇನೋ ತೋರಿಸುತ್ತಿತ್ತು, ಕೇಬಲ್ ಸಡಿಲವಿರಬೇಕು. ಅದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದೆ. ಮುಖ್ಯಸ್ಥರು ಎಲ್ಲರೆದುರಿಗೆ ಕೈ ಕುಲುಕಿದರು. ಮಾರ್ಚಿನಲ್ಲಿ ಮೊದಲ ಹಾರಾಟ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಟಿವಿಯ ಅಬ್ಬರದಲ್ಲಿ ಎರಡು ಸಲ ಕೂಗಬೇಕಾಯಿತು.

"ಏಳೂಕಾಲಾ? ಇಲ್ಲಪ್ಪ, ಆಗಲೇ ಎಂಟಾಗ್ತಾ ಬಂತು" ಅಂದಳು.

ಜನವರಿ 14

ಅಮ್ಮನ ಕಿವಿಯ ಯಂತ್ರ ಮತ್ತೆ ಡ್ರಾಯರಿನಲ್ಲಿ ಸಿಕ್ಕಿತು, ಗುಂಡಿಗಳ ಡಬ್ಬಿಯ ಪಕ್ಕದಲ್ಲಿ. ಮೂರು ತಿಂಗಳ ಹಿಂದೆ ನಾನೇ ಆರಿಸಿ, ಅವಳ ವಯಸ್ಸಿನವರಿಗೆ ಸಾಮಾನ್ಯವಾಗಿ ಹೊಂದುವ ಹಾಗೆ ನಾನೇ ಹೊಂದಿಸಿ ಕೊಟ್ಟದ್ದು. ಸದ್ದಿನ ವಿಷಯದಲ್ಲಿ ನನಗಿಂತ ತಿಳಿದವರನ್ನು ಇವಳು ಎಲ್ಲಿ ಹುಡುಕುತ್ತಾಳೆ?

"ಯಾಕೆ ಹಾಕ್ಕೊಂಡಿಲ್ಲ?"

"ಬೇಡ ಅನ್ನಿಸ್ತು."

"ಅದಕ್ಕೊಂದು ಕಾರಣ ಇರುತ್ತಲ್ಲ."

"ಕಾರಣ ಹೇಳಿದ್ರೆ ನೀನು ಲೆಕ್ಕ ಹೇಳ್ತೀಯ" ಎಂದು ಟಿವಿಯ ಕಡೆ ತಿರುಗಿದಳು.

ಎಪ್ಪತ್ತೆಂಟು ವರ್ಷ, ಹಟ ಮಾತ್ರ ಎಂಟರದು. ಮನೆಯಲ್ಲಿರುವುದು ನಾವಿಬ್ಬರೇ, ಅದರಲ್ಲಿ ಒಬ್ಬರಿಗೆ ಇನ್ನೊಬ್ಬರ ಮಾತು ಕೇಳಿಸುವುದಿಲ್ಲ.

ಜನವರಿ 21

ಮೊದಲ ಹಾರಾಟದಲ್ಲಿ ನಮ್ಮ ಕವಚದೊಳಗೆ ಕೂರುವ ಉಪಗ್ರಹದವರು ಬರುತ್ತಾರೆ ಎಂದು ಮೂರು ಕುರ್ಚಿ ಹಾಕಿಸಿದ್ದೆ. ಬಂದದ್ದು ಒಬ್ಬಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಐವತ್ತರ ಆಚೀಚೆ. ಅವಳ ಉಪಗ್ರಹದ ಮುಖ್ಯ ಭಾಗ ಒಂದು ದೊಡ್ಡ ಕನ್ನಡಿ, ಮೋಡಗಳೊಳಗಿನ ತೇವ ಅಳೆಯುವುದಕ್ಕೆ. ಏಳು ದಳಗಳನ್ನು ಮಡಚಿ ಇಟ್ಟಿರುತ್ತಾರೆ, ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳಬೇಕು. ಒಂದೊಂದು ದಳ ಪುಸ್ತಕದ ರಟ್ಟಿನಷ್ಟು ತೆಳ್ಳಗೆ. ಹನ್ನೊಂದು ವರ್ಷದಿಂದ ಅವಳಿಗೆ ಅದೊಂದೇ ಕೆಲಸವಂತೆ. ಕೇಬಲ್ ಎಳೆಯುವ ನಮ್ಮ ತಂತ್ರಜ್ಞ (ಮೂವತ್ತು ವರ್ಷದಿಂದ ಅದೇ ಮಾಡುತ್ತಿರುವುದರಿಂದ ಎಲ್ಲರ ಬಾಯಲ್ಲೂ ಅವನು ತಂತಿ) ಅವಳು ಬಾಗಿಲು ದಾಟುವುದಕ್ಕೆ ಮೊದಲೇ ಕನ್ನಡಿಯಮ್ಮ ಎಂದು ಹೆಸರಿಟ್ಟ.

ನನ್ನ ವರದಿಯನ್ನು ಕೊನೆಯ ಪುಟದಿಂದ ಓದಲು ಶುರು ಮಾಡಿದಳು.

"ಇಪ್ಪತ್ತನಾಲ್ಕು ಮೈಕಿನದೂ ಬೇರೆ ಬೇರೆಯಾಗಿ ಬೇಕಿತ್ತು."

"ಸರಾಸರಿ ಕೊಟ್ಟಿದ್ದೇವಲ್ಲ. ನಿಯಮದಲ್ಲಿ ಕೇಳೋದೂ ಅದನ್ನೇ."

"ನನ್ನ ಕನ್ನಡಿ ಸರಾಸರೀಲಿ ಕೂತಿಲ್ಲ. ಒಂದು ಜಾಗದಲ್ಲಿ ಕೂತಿದೆ."

ಕಳಿಸುತ್ತೇನೆ ಎಂದೆ. ಕಳಿಸುವ ಅಗತ್ಯವೇನೂ ಕಾಣುವುದಿಲ್ಲ. ಇಂಥವರು ಎಲ್ಲ ಕಡೆ ಇರುತ್ತಾರೆ. ಬೇರೆಯವರ ಕೆಲಸದಲ್ಲಿ ನೂಲು ಎಳೆದು ನೋಡುವುದೇ ಜಾಣತನ ಅಂದುಕೊಂಡವರು.

ಜನವರಿ 29

ಕನ್ನಡಿಯಮ್ಮನಿಂದ ಮೂರನೆಯ ಪತ್ರ. ಅದೇ ಎರಡು ಸಾಲು. ಕೆಳಗೆ ಸಹಿ ಕೂಡ ಸಣ್ಣದು.

ಫೆಬ್ರವರಿ 1

ಅವಳ ಕಾಟ ತಪ್ಪಲಿ ಎಂದು ಅಂಕಿಗಳನ್ನು ಬೇರೆ ಬೇರೆ ಮಾಡಲು ಕೂತೆ. ಹದಿನೇಳರದನ್ನು ಬಿಟ್ಟು ಕಳಿಸಿದರೆ ಮತ್ತೆ ಪತ್ರ ಬರುತ್ತದೆ, ಕೇಬಲ್ ಬದಲಾಯಿಸಿ ಒಮ್ಮೆ ಅಳೆದುಬಿಡೋಣ ಎಂದು ತಂತಿಯನ್ನು ಕರೆದೆ.

"ಕೇಬಲ್ ಅವತ್ತೇ ಬದಲಾಯಿಸಿದ್ದೆ ಸಾರ್. ಮೈಕೂ ಬದಲಾಯಿಸಿ ನೋಡ್ದೆ. ಐದನೇದನ್ನ ತಂದು ಅಲ್ಲಿ ಹಾಕಿದ್ರೆ ಐದೂ ಅದೇ ಹೇಳುತ್ತೆ. ಮೈಕಿಗೆ ಏನೂ ಆಗಿಲ್ಲ. ಆ ಜಾಗವೇ ಹಾಗೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಆಮೇಲೆ ನೋಡೋಣ ಅಂದ್ರಿ. ಕೈ ಕುಲುಕ್ತಾ ಇದ್ರಿ ಆಗ."

ಹೇಳಿದ್ದು ನನಗೆ ನೆನಪಿಲ್ಲ. ಸುಳ್ಳು ಹೇಳುವ ಮನುಷ್ಯನೂ ಅಲ್ಲ ಅವನು.

ಮತ್ತೆ ಗರ್ಜನೆ ಬಿಟ್ಟು ಅಳೆದೆವು. ಉಳಿದ ಕಡೆಯೆಲ್ಲ ಸದ್ದು ಇಳಿಯುತ್ತದೆ. ಆ ಒಂದು ಮೂಲೆಯಲ್ಲಿ ನಮ್ಮ ಅಲೆ ಗರ್ಜನೆಯ ಎದುರಿಗೆ ನಿಲ್ಲದೆ ಅದರ ಜೊತೆಗೇ ಸೇರಿಕೊಳ್ಳುತ್ತದೆ. ನಾಲ್ಕು ಡೆಸಿಬಲ್ ಹೆಚ್ಚು. ಬೊಂಬೆಯ ನಕ್ಷೆ ತೆಗೆದು ನೋಡಿದೆ. ಹದಿನೇಳರಿಂದ ಒಂದು ಗೇಣು ದೂರದಲ್ಲಿ ಮಡಚಿದ ಕನ್ನಡಿಯ ಅಂಚು ಬರುತ್ತದೆ.

ಆ ಕನ್ನಡಿ ತಡೆಯುವುದು ನೂರಾಮೂವತ್ತಾರು ಡೆಸಿಬಲ್. ನಮ್ಮ ಯಂತ್ರ ಇಲ್ಲದಿದ್ದರೆ ಅಲ್ಲಿ ನೂರಾಮೂವತ್ತೆಂಟು. ಅದಕ್ಕೇ ಅವರು ನಮ್ಮನ್ನು ಒಪ್ಪಿದ್ದು. ಯಂತ್ರ ಇದ್ದರೆ ನೂರಾನಲವತ್ತೆರಡು.

ಫೆಬ್ರವರಿ 2

ಏನೂ ಬರೆಯುವ ಹಾಗಿಲ್ಲ.

ಫೆಬ್ರವರಿ 5

ಮುಖ್ಯಸ್ಥರಿಗೆ ಹೇಳಿದೆ. ಬಾಗಿಲು ಮುಚ್ಚಿ ಬಂದು ಕೂತರು.

"ಹನ್ನೆರಡನೇ ತಾರೀಕು ಸಭೆ. ಏಳು ಪಾಯಿಂಟ್ ಎರಡು ಅಂತ ಮೇಲಿನವರಿಗೆಲ್ಲ ಹೋಗಿದೆ. ಈಗ ಇದನ್ನ ಎತ್ತಿದರೆ ಹಾರಾಟ ಹೋಗುತ್ತೆ, ಹಾರಾಟ ಹೋದರೆ ವಿಭಾಗ ಹೋಗುತ್ತೆ. ಆ ಮೂಲೆಗೆ ಇನ್ನೊಂದು ಪದರ ಹೊದಿಕೆ ಹಾಕಿಸಿ."

"ತಗ್ಗಿನ ಸದ್ದಿಗೆ ಹೊದಿಕೆ ಕೆಲಸ ಮಾಡಲ್ಲ ಅಂತ ನಿಮಗೇ ಗೊತ್ತು."

"ನನಗೆ ಗೊತ್ತು, ನಿಮಗೆ ಗೊತ್ತು. ಅವರ ಕನ್ನಡಿಗೆ ನಿಜವಾಗಿ ಎಷ್ಟು ತಡೆಯೋ ಶಕ್ತಿ ಇದೆ ಅಂತ ಯಾರಿಗೆ ಗೊತ್ತು? ಎಲ್ಲರೂ ಒಂದಿಷ್ಟು ಕಡಿಮೆ ಹೇಳೇ ಹೇಳ್ತಾರೆ."

ಅದೂ ನಿಜವೇ. ಎಲ್ಲರೂ ಒಂದಿಷ್ಟು ಕೈಯಲ್ಲಿಟ್ಟುಕೊಂಡೇ ಹೇಳುತ್ತಾರೆ. ನೂರಾಮೂವತ್ತಾರು ಎಂದರೆ ನೂರಾನಲವತ್ತು ಇರಬಹುದು. ನೂರಾನಲವತ್ತೆರಡೂ ಇರಬಹುದು. ಹೊದಿಕೆಗೆ ಬೇಡಿಕೆ ಬರೆದು ಸಹಿ ಹಾಕಿದೆ.

ಫೆಬ್ರವರಿ 8

ರಜೆ. ಊಟಕ್ಕೆ ಕೂತಾಗ ಚಮಚ ಕೈಜಾರಿ ತಟ್ಟೆಯ ಮೇಲೆ ಬಿತ್ತು. ನನ್ನ ಬಲವಂತಕ್ಕೆ ಅಮ್ಮ ಇವತ್ತು ಯಂತ್ರ ಹಾಕಿಕೊಂಡಿದ್ದಳು. ಅವಳ ಮುಖ ಹಿಂಡಿಕೊಂಡ ರೀತಿ ನೋಡಿ ಏನಾಯಿತು ಎಂದು ಕೇಳಿದೆ.

"ಕಿವಿಯೊಳಗೆ ಸೂಜಿ ಹಾಕಿದ ಹಾಗಾಯ್ತು."

"ಯಾವಾಗಲೂ ಹೀಗಾಗುತ್ತಾ?"

"ಪಾತ್ರೆ ಸದ್ದಿಗೆ, ಬಾಗಿಲ ಚಿಲಕಕ್ಕೆ. ಮಾತೆಲ್ಲ ಮಾತ್ರ ಗೋಡೆಯಾಚೆ ಆಡಿದ ಹಾಗೇ ಇರುತ್ತೆ. ನಿನ್ನದಂತೂ ಬರೀ ಗುಂಯ್‌ ಅಂತ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಅಮ್ಮ?"

"ಹಾಕ್ಕೊಂಡ್ಯಾ ಅಂತ ನೀನು ಕೇಳ್ತಿದ್ದೆ. ಹಾಕ್ಕೊಂಡ್ರೆ ಏನಾಗುತ್ತೆ ಅಂತ ಕೇಳಿದ್ದು ಇವತ್ತು."

ಮಧ್ಯಾಹ್ನ ಕಿವಿಯ ಪರೀಕ್ಷೆ ಮಾಡುವವರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಅಮ್ಮ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಪರೀಕ್ಷೆಗೆ ಕೂತ ಶಾಲೆಯ ಹುಡುಗಿಯ ಹಾಗೆ, ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತುತ್ತಿದ್ದಳು. ಒಂದು ಗಂಟೆ ಹಿಡಿಯಿತು. ಅವಳ ಕಿವಿಯ ನಕ್ಷೆ ಅವಳ ವಯಸ್ಸಿನವರ ನಕ್ಷೆಯ ಹಾಗೆ ಇಲ್ಲವೇ ಇಲ್ಲ. ಅದರ ಪ್ರಕಾರ ಯಂತ್ರವನ್ನು ಮತ್ತೆ ಹೊಂದಿಸಿಕೊಟ್ಟರು.

ಫೆಬ್ರವರಿ 12

ಸಭೆ. ಹದಿನಾಲ್ಕು ಜನ. ಮುಖ್ಯಸ್ಥರು ಮೊದಲು ಮಾತಾಡಿ ನನ್ನನ್ನು ಕರೆದರು. ಪರದೆಯ ಮೇಲೆ ಏಳು ಪಾಯಿಂಟ್ ಎರಡು, ದಪ್ಪ ಅಕ್ಷರದಲ್ಲಿ. ಕನ್ನಡಿಯಮ್ಮ ಮೇಜಿನ ಆ ತುದಿಯಲ್ಲಿ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಏನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಅದನ್ನು ಹೇಳಲಿಲ್ಲ.

"ಈ ಅಂಕಿ ಇಪ್ಪತ್ಮೂರು ಮೈಕಿನದು. ಒಂದು ಕೆಟ್ಟಿದೆ ಅಂದ್ಕೊಂಡು ಬಿಟ್ಟಿದ್ದೆ. ಅದು ಕೆಟ್ಟಿರಲಿಲ್ಲ. ಆ ಜಾಗದಲ್ಲಿ ನಮ್ಮ ಯಂತ್ರ ಸದ್ದನ್ನ ನಾಲ್ಕು ಡೆಸಿಬಲ್ ಏರಿಸ್ತಾ ಇದೆ. ಕನ್ನಡಿಯ ಅಂಚು ಇರೋದು ಅಲ್ಲೇ. ಹೊದಿಕೆ ಹಾಕಿದ್ರೆ ಸರಿಹೋಗಲ್ಲ."

ಮುಖ್ಯಸ್ಥರು ತಮ್ಮ ಕಾಗದಗಳನ್ನು ಜೋಡಿಸಿಕೊಂಡರು.

"ಯಾವಾಗ ಗೊತ್ತಾಯ್ತು?" ಕನ್ನಡಿಯಮ್ಮ ಕೇಳಿದರು.

"ಈ ತಿಂಗಳು ಒಂದನೇ ತಾರೀಕು."

"ಹನ್ನೊಂದು ದಿನ."

"ಹೌದು."

ಬರೆದುಕೊಂಡರು. ಬೈದಿದ್ದರೆ ನಾನೂ ಒಂದೆರಡು ಮಾತು ಆಡಬಹುದಿತ್ತು.

ಎರಡು ಗಂಟೆ ಚರ್ಚೆಯಾಯಿತು. ಯಂತ್ರ ಬಿಟ್ಟು ಹಾರಿಸಿದರೂ ಕನ್ನಡಿಗೆ ಅಪಾಯವೇ, ಇಟ್ಟು ಹಾರಿಸಿದರೆ ಇನ್ನೂ ಹೆಚ್ಚು. ಕೊನೆಗೆ ಹದಿನೈದು ದಿನ ಕೊಟ್ಟಿದ್ದಾರೆ. ಅಷ್ಟರಲ್ಲಿ ಸರಿಯಾದರೆ ಸರಿ, ಇಲ್ಲದಿದ್ದರೆ ಅವರು ಬೇರೆ ರಾಕೆಟ್ಟಿಗೆ ಕಾಯುತ್ತಾರೆ. ಕಾಯುವುದೆಂದರೆ ನಾಲ್ಕು ವರ್ಷ.

ಮೆಟ್ಟಿಲಿಳಿಯುವಾಗ ಮುಖ್ಯಸ್ಥರು ನನ್ನ ಪಕ್ಕದಲ್ಲೇ ಬಂದರು. "ಒಂದು ಮಾತು ಮುಂಚೆ ಹೇಳಬಹುದಿತ್ತು" ಅಂದರು. ಹೇಳಿದ್ದೆ. ಆದರೆ ಅವರು ಅಂದದ್ದು ಸಭೆಯಲ್ಲಿ ಎತ್ತುತ್ತೇನೆ ಎಂಬ ಮಾತು ಎಂದು ನನಗೂ ಗೊತ್ತು.

ಫೆಬ್ರವರಿ 15

ಕನ್ನಡಿಯಮ್ಮ ಊರಿಗೆ ಹೋಗಿಲ್ಲ. ಬೆಳಿಗ್ಗೆ ಎಂಟಕ್ಕೆ ಪರೀಕ್ಷಾ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ನಕ್ಷೆಗಳ ಸುರುಳಿ. ಮೇಲುಸ್ತುವಾರಿಗೆ ಬಂದಿರಬೇಕು ಎಂದುಕೊಂಡೆ. ಅವರು ಸುರುಳಿ ಬಿಚ್ಚಿ, ಏಳು ದಳಗಳಲ್ಲಿ ಯಾವುದು ಎಲ್ಲಿ ಎಷ್ಟು ತಡೆಯುತ್ತದೆ, ಯಾವುದರ ಕೀಲು ದುರ್ಬಲ, ಯಾವುದನ್ನು ಎರಡು ಸಲ ರಿಪೇರಿ ಮಾಡಿದ್ದಾರೆ, ಎಲ್ಲ ಹೇಳಿದರು. ಏನನ್ನೂ ಕೈಯಲ್ಲಿಟ್ಟುಕೊಂಡು ಹೇಳಿದ ಹಾಗೆ ಕಾಣಲಿಲ್ಲ.

"ನೂರಾಮೂವತ್ತಾರು ಅಂದಿದ್ದೀರಲ್ಲ, ನಿಜವಾಗಿ ಎಷ್ಟು?" ಕೇಳಿದೆ.

"ನೂರಾಮೂವತ್ತೇಳಕ್ಕೆ ಒಂದು ದಳ ಸೀಳಿತ್ತು. ಹೋದ ವರ್ಷ. ನಾನು ಅಲ್ಲೇ ಇದ್ದೆ."

ಹೊದಿಕೆಯ ಬೇಡಿಕೆಯನ್ನು ರದ್ದು ಮಾಡಿಸಿದೆ.

ಫೆಬ್ರವರಿ 20

ಇಷ್ಟು ದಿನ ಪೆಟ್ಟಿಗೆಗೆ ನಾವು ಕಲಿಸಿದ್ದು ಒಟ್ಟು ಸದ್ದನ್ನು ಇಳಿಸು ಎಂದು. ಈಗ ಕನ್ನಡಿಯ ಸುತ್ತಲಿನ ಐದು ಮೈಕುಗಳ ಮಾತಿಗೆ ಹೆಚ್ಚು ಬೆಲೆ ಕೊಡು, ಉಳಿದದ್ದು ಹೇಗಾದರೂ ಇರಲಿ ಎಂದು ಕಲಿಸುತ್ತಿದ್ದೇವೆ. ಹೇಳಿದಷ್ಟು ಸುಲಭವಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಎರಡು ಸ್ಪೀಕರ್‌ಗಳನ್ನು ಬಿಚ್ಚಿ ಜಾಗ ಬದಲಾಯಿಸಬೇಕು ಎಂದು ತಂತಿಯವರಿಗೆ ಅನ್ನಿಸಿದೆ. ಲೆಕ್ಕದ ಪ್ರಕಾರ ಬೇಡ. ಆದರೂ ಬದಲಾಯಿಸಿ ನೋಡೋಣ ಎಂದೆ. ಒಂದು ಕ್ಷಣ ನನ್ನನ್ನೇ ನೋಡಿ, ಸ್ಕ್ರೂಡ್ರೈವರ್ ತರಲು ಹೋದರು.

ಮಧ್ಯಾಹ್ನದ ಚಹಾಕ್ಕೆ ಮೂವರೂ ಬೆಂಚಿನ ಮೇಲೆ. ಹಾರುವಾಗ ಯಂತ್ರ ಕೆಟ್ಟರೆ ಏನಾಗುತ್ತದೆ ಎಂದು ಕನ್ನಡಿಯಮ್ಮ ಕೇಳಿದರು.

"ತನ್ನ ಲೆಕ್ಕ ತಪ್ಪುತ್ತಿದೆ ಅಂತ ಗೊತ್ತಾದ ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತೆ. ಹಾಗೆ ಮಾಡಿದ್ದೇವೆ."

"ಅಂಥದ್ದೊಂದು ನಮ್ಮ ಬಾವನಿಗೂ ಹಾಕಿಸಬೇಕು" ಅಂದರು ತಂತಿ.

ಕನ್ನಡಿಯಮ್ಮ ನಕ್ಕಿದ್ದನ್ನು ಮೊದಲ ಸಲ ನೋಡಿದೆ. ಚಹಾ ಅಂಗಿಯ ಮೇಲೆ ಚೆಲ್ಲಿತು.

ಫೆಬ್ರವರಿ 26

ಕನ್ನಡಿಯ ಅಂಚಿನಲ್ಲಿ ಐದು ಇಳಿಯಿತು. ನೂರಾಮೂವತ್ತಮೂರು. ಎರಡು ಸಲ ಅಳೆದೆವು, ಮೂರನೆಯ ಸಲ ಅವರೇ ಅಳೆದರು. ಸ್ಪೀಕರ್ ಜಾಗ ಬದಲಾಯಿಸಿದ್ದರಿಂದಲೇ ಆದದ್ದು. ವರದಿಯಲ್ಲಿ ತಂತಿಯವರ ಹೆಸರು ಹಾಕಿದ್ದೇನೆ.

ಇಪ್ಪತ್ತನಾಲ್ಕರ ಸರಾಸರಿ ಎರಡು ಪಾಯಿಂಟ್ ಒಂದು. ಮುಖ್ಯಸ್ಥರು ಅದನ್ನು ಬಹಳ ಹೊತ್ತು ನೋಡಿದರು.

"ಒಂಬತ್ತು ವರ್ಷಕ್ಕೆ ಎರಡು ಚಿಲ್ಲರೆ. ಇದನ್ನ ಮೇಲಿನವರಿಗೆ ಹೇಗೆ ಹೇಳೋದು?"

"ಇಪ್ಪತ್ತನಾಲ್ಕನ್ನೂ ಬೇರೆ ಬೇರೆಯಾಗಿ ಹಾಕಿದ್ದೇನೆ. ಅದನ್ನ ತೋರಿಸಿ."

ಹಾರಾಟ ಆಗಲಿ, ಆಮೇಲೆ ವಿಭಾಗದ ಬಗ್ಗೆ ಮಾತಾಡೋಣ ಅಂದರು. ದನಿ ಮೆತ್ತಗಿತ್ತು. ಅವರು ಮೆತ್ತಗೆ ಮಾತಾಡಿದರೆ ವಿಷಯ ಒಳ್ಳೆಯದಿರುವುದಿಲ್ಲ. ಹಸಿವಾಗಿತ್ತು, ಮನೆಗೆ ಬಂದು ಎರಡು ಸಲ ಹಾಕಿಸಿಕೊಂಡು ಉಂಡೆ.

ಮಾರ್ಚ್ 18

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹಾರಿತು. ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ಪರದೆಯ ಮೇಲಿನ ಬೆಂಕಿ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಇಪ್ಪತ್ತನಾಲ್ಕು ಸಣ್ಣ ಗೆರೆಗಳನ್ನು. ನಮ್ಮ ಯಂತ್ರಕ್ಕೆ ಕೆಲಸವಿರುವುದು ಮೊದಲ ಒಂದೂವರೆ ನಿಮಿಷ. ಮೂವತ್ತೊಂದನೆಯ ಸೆಕೆಂಡಿಗೆ ಒಂಬತ್ತನೆಯ ಸ್ಪೀಕರ್ ಸತ್ತಿತು. ಪೆಟ್ಟಿಗೆ ಅದನ್ನು ಬಿಟ್ಟು ಉಳಿದ ಹದಿನೈದರಿಂದ ಸಂಭಾಳಿಸಿತು. ಕನ್ನಡಿಯ ಅಂಚಿನಲ್ಲಿ ನೂರಾಮೂವತ್ತನಾಲ್ಕು ದಾಟಲಿಲ್ಲ. ತೊಂಬತ್ತನೆಯ ಸೆಕೆಂಡಿಗೆ ಗೆರೆಗಳೆಲ್ಲ ಮಲಗಿದವು. ಮೇಲೆ ಗಾಳಿಯೇ ಇಲ್ಲ, ಸದ್ದು ಎಲ್ಲಿಂದ?

ಎದ್ದು ನಿಂತೆ. ಕನ್ನಡಿಯಮ್ಮನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಅವರ ಕೆಲಸ ಇನ್ನು ಶುರುವಾಗಬೇಕು.

ಏಪ್ರಿಲ್ 6

ಕನ್ನಡಿ ಬಿಚ್ಚಿಸಿದರು. ಆರು ದಳ ಬಿಚ್ಚಿಕೊಂಡವು. ಏಳನೆಯದು ಅರ್ಧಕ್ಕೆ ನಿಂತಿದೆ.

ಏಳನೆಯದು ಹದಿನೇಳರ ಪಕ್ಕದ್ದು.

ಏಪ್ರಿಲ್ 7

ವಿಚಾರಣೆಗೆ ಸಮಿತಿ ಮಾಡುತ್ತಾರಂತೆ. ಕರೆ ಬರುವವರೆಗೆ ಸುಮ್ಮನಿರಿ ಎಂದು ಮುಖ್ಯಸ್ಥರು ಫೋನ್ ಮಾಡಿದ್ದರು. ನಾನು ಅಷ್ಟು ಹೊತ್ತಿಗಾಗಲೇ ಹಾರಾಟದ ಧ್ವನಿಮುದ್ರಣವನ್ನೆಲ್ಲ, ಸತ್ತ ಸ್ಪೀಕರಿನದೂ ಸೇರಿಸಿ, ಸೋಸದೆ ಹಾಗೆಯೇ ಉಪಗ್ರಹದವರ ನಿಯಂತ್ರಣ ಕೋಣೆಗೆ ಹೋಗಿ ಕನ್ನಡಿಯಮ್ಮನಿಗೆ ತಲುಪಿಸಿ ಬಂದಿದ್ದೆ. ಫೆಬ್ರವರಿಯ ಕೆಟ್ಟ ಅಂಕಿಗಳೂ ಅದರಲ್ಲಿವೆ.

"ನಮ್ಮದೇ ತಪ್ಪಿರಬಹುದು. ಮೂವತ್ತೊಂದನೇ ಸೆಕೆಂಡಿಂದ ನೋಡಿ" ಅಂದೆ.

"ನೀವು ನೋಡಿದ್ರಾ?"

"ನೋಡಿದೆ. ನನಗೆ ಏನೂ ಕಾಣಲಿಲ್ಲ. ಅದಕ್ಕೇ ನೀವು ನೋಡಬೇಕು."

ಅವರ ಕಣ್ಣು ಕೆಂಪಾಗಿತ್ತು. ಸುತ್ತ ಏಳೆಂಟು ಜನ ಪರದೆಗಳ ಮುಂದೆ ಕೂತಿದ್ದರು. ಒಂದು ಕುರ್ಚಿ ಎಳೆದು ನನಗೆ ಜಾಗ ಮಾಡಿದರು. ಸಂಜೆಯವರೆಗೆ ಕೂತಿದ್ದೆ.

ಏಪ್ರಿಲ್ 10

ಸದ್ದಿನಿಂದ ಆದದ್ದಲ್ಲ ಎಂದು ಕಾಣುತ್ತದೆ. ಕೀಲಿನ ಉಷ್ಣತೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆಯಿದೆ. ನೆರಳಿನಲ್ಲಿ ಸಿಕ್ಕಿ ಬಿಗಿದುಕೊಂಡಿರಬಹುದು. ಉಪಗ್ರಹವನ್ನು ನಿಧಾನವಾಗಿ ಬಿಸಿಲಿಗೆ ತಿರುಗಿಸುತ್ತಿದ್ದಾರೆ. ಖುಷಿಯಾಗಬೇಕಿತ್ತು, ಸದ್ದಿನದಲ್ಲವಲ್ಲ ಎಂದು. ಅದರ ಕಡೆ ಗಮನವೇ ಹೋಗಲಿಲ್ಲ. ಕೀಲು ಎಷ್ಟು ಡಿಗ್ರಿಗೆ ಬಂತು ಎಂದು ಗಂಟೆಗೊಮ್ಮೆ ಫೋನ್ ಮಾಡಿ ಎಲ್ಲರಿಗೂ ತಲೆನೋವಾಗಿದ್ದೇನೆ.

ವಿಭಾಗ ಮುಚ್ಚುವ ಪತ್ರ ಬಂದಿದೆ. ಜೂನ್‌ನಿಂದ ನನ್ನನ್ನು ಪಂಪುಗಳ ವಿಭಾಗಕ್ಕೆ ಹಾಕಿದ್ದಾರೆ. ತಂತಿಯವರೂ ನನ್ನ ಜೊತೆಗೇ ಬರಲಿ ಎಂದು ಬರೆದುಕೊಟ್ಟೆ.

ಏಪ್ರಿಲ್ 12

ಬೆಳಿಗ್ಗೆ ಹನ್ನೊಂದಕ್ಕೆ ಕನ್ನಡಿಯಮ್ಮ ಫೋನ್ ಮಾಡಿದರು.

"ಏಳನೇದೂ ಬಿಚ್ಚಿಕೊಳ್ತು."

"ಪೂರ್ತಿಯಾ?"

"ಪೂರ್ತಿ."

ಸರಿ, ಅಂದರು. ಸರಿ, ಅಂದೆ.

ಅಮ್ಮ ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಚುತ್ತಿದ್ದಳು. "ಏನು ಬಿಚ್ಚಿಕೊಂಡಿದ್ದು?" ಎಂದು ಕೇಳಿದಳು. ನಾನು ಮಾತಾಡಿದ್ದು ಇನ್ನೊಂದು ಕೋಣೆಯಲ್ಲಿ. ಟಿವಿ ಆರಿಸಿ ಪಕ್ಕದಲ್ಲಿ ಕೂತು ಮೊದಲಿಂದ ಹೇಳಿದೆ. ಕವಚ, ಮೈಕು, ಮೂಲೆ, ಹನ್ನೊಂದು ದಿನ, ಎಲ್ಲ. ಹನ್ನೊಂದು ದಿನದ ವಿಷಯಕ್ಕೆ ಬಂದಾಗ ಮಡಚುವುದನ್ನು ನಿಲ್ಲಿಸಿದಳು, ಆಮೇಲೆ ಮತ್ತೆ ಮಡಚಿದಳು. ಲೆಕ್ಕದ ಕಡೆ ಹೋಗದೆ ಹೇಳಲು ಒಂದು ಗಂಟೆ ಹಿಡಿಯಿತು.

ಕೊನೆಗೆ ಅವಳು ಕೇಳಿದ್ದು ಒಂದೇ. "ಆ ಹೆಂಗಸು ಇಷ್ಟು ದಿನ ನಿದ್ದೆ ಮಾಡಿದ್ಲಾ?"

ಅದನ್ನು ನಾನು ಕೇಳಿರಲಿಲ್ಲ. ಮತ್ತೆ ಫೋನ್ ಮಾಡಿದೆ. ಎತ್ತಿದ್ದು ಅವರ ಸಹೋದ್ಯೋಗಿ.

"ಈಗ ತಾನೇ ಮಲಗಿದರು. ಕುರ್ಚಿಯಲ್ಲೇ. ಎಬ್ಬಿಸಲಾ?"

"ಬೇಡ, ಮಲಗಲಿ" ಅಂದೆ. ಅಷ್ಟು ದೂರದಲ್ಲಿರುವವರಿಗೆ ನನ್ನ ದನಿ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಆದರೂ ಪಿಸುಗುಟ್ಟಿದೆ.